ಬಂದವರಿಗೆ ದಿನಕ್ಕೊಂದೇ ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ ರೈಲಿನಿಂದ ಇಳಿದು ಭಾನುವಾರ ರಾತ್ರಿ ಮರಳುವ ಪರಊರಿನ ಸ್ನೇಹಿತರನ್ನು ಮನೆಯಲ್ಲಿ ನೋಡಿಕೊಳ್ಳುವ ಬಗೆ ಹೇಗೆಂದು ಮಾತನಾಡಲು ಇಂದು ನನ್ನನ್ನು ಕರೆದಿದ್ದಾರೆ. ಮೂವತ್ತು ವರ್ಷ ಗೃಹವಿಜ್ಞಾನ ಕಲಿಸಿದವಳಾದ್ದರಿಂದ ಹಾಸಿಗೆ, ಹೊದಿಕೆ, ಅಡುಗೆಗಳ ಪಟ್ಟಿ ಓದುತ್ತೇನೆಂದು, ತೊಗರಿ ಬೇಳೆ ಆರಿಸುತ್ತ ರೇಡಿಯೊ ಹಚ್ಚಿಕೊಂಡು ಕುಳಿತಿರುವ ತಾಯಂದಿರು ಭಾವಿಸಿರಬಹುದು. ಅದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳಬೇಕೆಂದು ಬಂದಿರುವುದು ಒಂದೇ ಮಾತು: ಬಂದವರಿಗೆ ದಿನಕ್ಕೊಂದೇ ಜಾಗ ತೋರಿಸಿ. ಎರಡು ದಿನವಿದ್ದರೆ ಎರಡು ಜಾಗ. ಮೂರನೆಯದು ಬೇಡ.

ಕಲಬುರಗಿಯವರಾದ ನಮಗೆ ಇದು ಕಷ್ಟ. ‘ನಿಮ್ಮ ಕಡೆ ಬಿಸಿಲು ಬಿಟ್ಟರೆ ಏನಿದೆ?’ ಎಂದು ಬೆಂಗಳೂರು, ಮೈಸೂರಿನವರಿಂದ ಕೇಳಿಸಿಕೊಂಡು ಕೇಳಿಸಿಕೊಂಡು ನಮಗೆ ರೋಷ ಬಂದಿದೆ. ಆದ್ದರಿಂದ ಯಾರಾದರೂ ಬಂದರೆಂದರೆ, 1347ರಲ್ಲಿ ಬಹಮನಿ ಅರಸರು ಇಲ್ಲಿ ರಾಜಧಾನಿ ಮಾಡಿದಂದಿನಿಂದ ಈವರೆಗಿನ ಎಲ್ಲವನ್ನೂ ಭಾನುವಾರ ಸಂಜೆಯೊಳಗೆ ತೋರಿಸಿಯೇ ತೀರುತ್ತೇವೆಂದು ಹೊರಡುತ್ತೇವೆ.

ನಾನೂ ಹಾಗೆಯೇ ಹೊರಟಿದ್ದೆ. ಕೆಲವು ವರ್ಷಗಳ ಹಿಂದೆ, ನನ್ನೊಡನೆ ಓದಿದ ಮೈಸೂರಿನ ಗೆಳತಿಯೊಬ್ಬಳು ಗಂಡ ಮತ್ತು ಮಗನೊಂದಿಗೆ ಬಂದಳು. ಅವಳು ಕಾಲೇಜಿನಲ್ಲಿ ಗಣಿತ ಕಲಿಸುವವಳು. ಶನಿವಾರ ಬೆಳಿಗ್ಗೆ ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಬಂದವರಿಗೆ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿನ್ನಿಸಿ, ಸ್ನಾನವಾದ ಕೂಡಲೇ ಕೋಟೆಗೆ ಕರೆದೊಯ್ದೆ. ಅಲ್ಲಿ 1367ರ ಜಾಮಾ ಮಸೀದಿಯಲ್ಲಿ ಅವಳು ನಿಂತುಬಿಟ್ಟಳು. ನೋಡಿದವರಿಗೆ ಗೊತ್ತಿದೆ, ಈ ಮಸೀದಿಗೆ ಬಯಲು ಅಂಗಳವಿಲ್ಲ. ಇಡೀ ಕಟ್ಟಡಕ್ಕೆ ಮೇಲ್ಛಾವಣಿಯಿದ್ದು, ಪಕ್ಕದ ಕಮಾನುಗಳಿಂದ ಬೆಳಕು ಒಳಗೆ ಬರುತ್ತದೆ. ಅವಳು ಕಮಾನುಗಳ ಸಾಲಿನ ಕೊನೆಯಲ್ಲಿ ಕುಳಿತು, ಸಾಲುಗಳನ್ನು ಎಣಿಸುತ್ತ, ‘ಇನ್ನೊಂದು ಅರ್ಧ ಗಂಟೆ ಇರೋಣ ಕಣೇ’ ಎಂದಳು. ನಾನು ಗಡಿಯಾರ ನೋಡಿದೆ. ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ, ಬುದ್ಧ ವಿಹಾರ ಇನ್ನೂ ಬಾಕಿ ಇದ್ದವು. ಎಬ್ಬಿಸಿಕೊಂಡು ಹೋದೆ. ಸಂಜೆಯವರೆಗೆ ಎಲ್ಲ ಮುಗಿಸಿದೆವು. ಮುಗಿಸಿದೆವು ಎಂಬುದೇ ಸರಿಯಾದ ಪದ.

ಭಾನುವಾರ ನಸುಕಿನಲ್ಲಿ, ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೀದರಿಗೆ ಹೊರಟೆವು. ಮೊದಲು ಝರಣಿ ನರಸಿಂಹ. ಅಲ್ಲಿ ದೇವರನ್ನು ಕಾಣಲು ಗುಹೆಯೊಳಗೆ ಸುಮಾರು 300 ಮೀಟರ್ ದೂರ ಎದೆಮಟ್ಟದ ನೀರಿನಲ್ಲಿ ನಡೆಯಬೇಕು, ತಲೆಯ ಮೇಲೆ ಬಾವಲಿಗಳು ತೂಗುತ್ತಿರುತ್ತವೆ. ಇದನ್ನು ಮೊದಲೇ ಹೇಳಿದರೆ ಅಚ್ಚರಿ ಉಳಿಯುವುದಿಲ್ಲವೆಂದು ನಾನು ಹೇಳಿರಲೇ ಇಲ್ಲ. ಆದ್ದರಿಂದ ಅವರ ಬಳಿ ಬದಲಿ ಬಟ್ಟೆ ಇರಲಿಲ್ಲ. ಗೆಳತಿಯ ರೇಷ್ಮೆ ಸೀರೆ ಮೈಗೆ ಅಂಟಿಕೊಂಡು, ಸೆರಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಬಹಮನಿ ಮಂತ್ರಿ ಮಹಮೂದ್ ಗವಾನನ 1472ರ ಮದರಸಾಕ್ಕೆ ಕರೆದುಕೊಂಡು ಹೋಗಿ, ಉಳಿದಿರುವ ಮಿನಾರಿನ ಮೇಲಿನ ಬಣ್ಣದ ಹೆಂಚುಗಳನ್ನು ತೋರಿಸುತ್ತ ಪಾಠ ಮಾಡಿದೆ. ಅವಳು ಹೆಂಚು ನೋಡಲಿಲ್ಲ, ಬಿಸಿಲು ಎಲ್ಲಿದೆ ಎಂದು ನೋಡುತ್ತಿದ್ದಳು. ಆಮೇಲೆ ಕೋಟೆ, ಆಮೇಲೆ ಗುರುದ್ವಾರ. ಅಷ್ಟೂರಿನಲ್ಲಿರುವ ಬಹಮನಿ ಅರಸರ ಗೋರಿಗಳಿಗೆ ತಲುಪಿದಾಗ ಕತ್ತಲಾಗಿತ್ತು. ಅಹ್ಮದ್ ಷಾ ವಲಿಯ ಗೋರಿಯ ಒಳಗೋಡೆಗಳ ಬಣ್ಣದ ಚಿತ್ತಾರದ ಬಗ್ಗೆ ದಾರಿಯುದ್ದಕ್ಕೂ ವರ್ಣಿಸಿದ್ದೆ; ಕಾರಿನ ದೀಪದಲ್ಲಿ ಹೊರಗಿನ ಗೋಡೆಯೊಂದು, ಅದರ ಮುಂದೆ ಒಂದು ಮೇಕೆ, ಇಷ್ಟೇ ಕಂಡವು. ಗೆಳತಿ ಇಳಿಯಲೇ ಇಲ್ಲ. ಅವಳ ಗಂಡ ಸಜ್ಜನರು, ಇಳಿದು ಮೇಕೆಯನ್ನು ನೋಡಿ ‘ಚೆನ್ನಾಗಿದೆ’ ಎಂದರು.

ರಾತ್ರಿಯ ರೈಲು ಸ್ವಲ್ಪದರಲ್ಲಿ ಸಿಕ್ಕಿತು. ಮನೆಗೆ ಬಂದು ಕುಳಿತಾಗ ನಮ್ಮ ಅತ್ತೆಯವರು ಕೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಮಂದೀನ ಊರ ತೋರ್ಸಲಿಕ್ಕ ಕರದಿದ್ದೇನ್ ತಂಗಿ, ಹರಕಿ ತೀರ್ಸಲಿಕ್ಕ ಕರದಿದ್ದಿ?’

ಆದ್ದರಿಂದ ಮತ್ತೆ ಹೇಳುತ್ತೇನೆ, ದಿನಕ್ಕೊಂದೇ ಜಾಗ. ಕೋಟೆಯೆಂದರೆ ಕೋಟೆ, ಅಷ್ಟೇ. ಬೆಳಿಗ್ಗೆ ಎಂಟಕ್ಕೆ ಹೋಗಿ, ಹನ್ನೊಂದಕ್ಕೆ ಮನೆಗೆ ಬನ್ನಿ, ಊಟ ಹಾಕಿ, ಮಲಗಲು ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ ಆಗಂತೂ ಮಧ್ಯಾಹ್ನದ ತಿರುಗಾಟದ ಮಾತೇ ಎತ್ತಬೇಡಿ. ಬೀದರಿಗೆ ಹೋಗಲೇಬೇಕೆಂದರೆ ಅಷ್ಟೂರು ಒಂದನ್ನೇ, ಬೆಳಕಿರುವಾಗ ನೋಡಿ. ಇತಿಹಾಸ ಓದಿಕೊಂಡವರು ಬಂದರೆ ಭೀಮಾ ತೀರದ ಹಳೆಯ ಬೌದ್ಧ ನೆಲೆ ಸನ್ನತಿ. ಪಕ್ಕದ ಕನಗನಹಳ್ಳಿಯಲ್ಲಿ ದೊರೆತ, ‘ರಾಯೋ ಅಸೋಕೋ’, ಅಂದರೆ ರಾಜ ಅಶೋಕ, ಎಂದು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ ಅಶೋಕನ ಶಿಲ್ಪದ ಬಗ್ಗೆ ಮಾತನಾಡುವುದಕ್ಕೇ ಅವರಿಗೆ ಒಂದು ದಿನ ಬೇಕು.

ಸಮಯ ಮುಗಿಯುತ್ತ ಬಂದಿದೆ ಎಂದು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಊಟದ ಬಗ್ಗೆ ಎರಡೇ ಮಾತು. ಜೋಳದ ರೊಟ್ಟಿ ರೂಢಿಯಿಲ್ಲದವರಿಗೆ ಮೊದಲ ಹೊತ್ತಿಗೇ ಮೂರು ರೊಟ್ಟಿ ಒತ್ತಾಯ ಮಾಡಬೇಡಿ. ಒಂದು ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು, ಜೊತೆಗೆ ಅನ್ನ ಇರಲಿ. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿಯ ಖಾರವನ್ನು ಮೊದಲೇ ಹೇಳಿಬಿಡಿ. ಹೇಳದಿದ್ದರೆ ಏನಾಗುತ್ತದೆಂದು ನನ್ನನ್ನು ಕೇಳಿ. ಹೊರಡುವಾಗ ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಡಿ, ವಾರ ಕಳೆದರೂ ಕೆಡುವುದಿಲ್ಲ.

ಅದೇ ಗೆಳತಿ ಈ ಸಲದ ಎಳ್ಳಮಾವಾಸ್ಯೆಗೆ ಬರುತ್ತೇನೆಂದಿದ್ದಾಳೆ. ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ಉಂಡು, ಮರದ ನೆರಳಿನಲ್ಲಿ ಮಲಗುವುದು, ಬೇರೆ ಏನೂ ಇಲ್ಲವೆಂದು ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬದಲಿ ಬಟ್ಟೆ ತರಬೇಕೇನೇ?’ ಎಂದು ಕೇಳಿದಳು. ನಮಸ್ಕಾರ.