ಸ್ಯಾಂಟೊರಿನಿಯಲ್ಲಿ ಒಂದು ಹುಳಿ ಗುಟುಕು

ಹಿನ್ನೆಲೆಯಲ್ಲಿ ಕೇಳಿಸುತ್ತಿರುವ ಈ ಭೋರ್ಗರೆತ ಕಡಲಿನದಲ್ಲ, ಗಾಳಿಯದು. ಸಂಕಲನದಲ್ಲಿ ತೆಗೆದುಹಾಕಬಹುದಿತ್ತು, ಬೇಕೆಂದೇ ಉಳಿಸಿಕೊಂಡೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಇದು ಗ್ರೀಸಿನ ಸ್ಯಾಂಟೊರಿನಿ ದ್ವೀಪ. ಬಿಳಿ ಮನೆ, ನೀಲಿ ಗುಮ್ಮಟ, ಸೂರ್ಯಾಸ್ತಕ್ಕೆ ನೂಕುನುಗ್ಗಲು, ಅದೆಲ್ಲ ಈಯಾ ಊರಿನಲ್ಲಿ. ನೀವು ನೂರು ಸಲ ನೋಡಿದ್ದೀರಿ. ನಾನು ಇಲ್ಲಿನ ವೈನ್ ಮತ್ತು ಅದರ ದ್ರಾಕ್ಷಿತೋಟ ಹುಡುಕಿಕೊಂಡು ಎದುರು ದಿಕ್ಕಿಗೆ, ಪಿರ್ಗೊಸ್ ಎಂಬ ಊರಿನ ಕಡೆಗೆ ಹೊರಟೆ. ಬಸ್ಸಿಳಿದು ಅರ್ಧ ಗಂಟೆ ನಡೆದರೂ ದ್ರಾಕ್ಷಿತೋಟ ಕಾಣಲಿಲ್ಲ. ಪಾಳುಬಿದ್ದಂತಿದ್ದ ಹೊಲ, ಅಲ್ಲಲ್ಲಿ ಮೊಣಕಾಲೆತ್ತರದ ಪೊದೆ, ಅಷ್ಟೇ. ಸುಸ್ತಾಗಿ ಒಂದು ಪೊದೆಯ ಪಕ್ಕ ಕುಳಿತು ಎಲೆ ಸರಿಸಿ ನೋಡುತ್ತೇನೆ, ಒಳಗೆ ಹಸಿರು ಗೊಂಚಲು! ಅಷ್ಟು ಹೊತ್ತೂ ತೋಟದ ನಡುವೆಯೇ ತೋಟ ಹುಡುಕುತ್ತಿದ್ದೆ.

ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ಚಪ್ಪರಗಳನ್ನು ನೋಡಿದ ಕಣ್ಣು ತಲೆಯೆತ್ತಿ ಹುಡುಕುವುದು ಸಹಜ. ಇಲ್ಲಿ ಚಪ್ಪರ ಹಾಕಿದರೆ ಈ ಗಾಳಿ ಚಿಗುರನ್ನೂ ಬಿಡುವುದಿಲ್ಲ, ಹೂವನ್ನೂ ಬಿಡುವುದಿಲ್ಲ. ಆದ್ದರಿಂದ ಬಳ್ಳಿಯನ್ನು ವರ್ಷವರ್ಷವೂ ಸುತ್ತಿ ಹೆಣೆದು ನೆಲದ ಮೇಲೆ ಬುಟ್ಟಿಯಂತೆ ಕೂರಿಸುತ್ತಾರೆ. ಅದರ ಹೆಸರು ಕುಲೂರಾ. ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬಿ ನೆನಪಿದೆಯೇ? ಥೇಟ್ ಅದೇ. ಗೊಂಚಲು ಸಿಂಬಿಯೊಳಗೆ ಬೆಚ್ಚಗೆ. ಆಗಸ್ಟ್ ಕೊಯ್ಲಿನಲ್ಲಿ ಆಳುಗಳ ಸೊಂಟದ ಗತಿ ಏನೋ!

ಕಾಲ ಕೆಳಗಿನ ಈ ಬೂದುಬಣ್ಣದ ನೆಲ ನೋಡಿ. ಸುಮಾರು 3600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದಾಗ ಸುರಿದ ಬೂದಿ ಮತ್ತು ಹಗುರವಾದ ಪ್ಯೂಮಿಸ್ ಕಲ್ಲು. ದ್ವೀಪದಲ್ಲಿ ನದಿಯಿಲ್ಲ, ಬೇಸಿಗೆಯಲ್ಲಿ ಮಳೆಯೂ ಇಲ್ಲವೆನ್ನಬೇಕು. ರಾತ್ರಿ ಕಡಲಿನಿಂದ ಬರುವ ತೇವವನ್ನು ಈ ತೂತುಗಲ್ಲು ಹೀರಿಟ್ಟುಕೊಂಡು ಬೇರಿಗೆ ಉಣಿಸುತ್ತದೆ. 19ನೆಯ ಶತಮಾನದಲ್ಲಿ ಯೂರೋಪಿನ ತೋಟಗಳನ್ನು ನುಂಗಿ ನೀರು ಕುಡಿದ ಫಿಲಾಕ್ಸೆರಾ ಎಂಬ ಬೇರುಹೇನಿಗೆ ಜೇಡಿಯಿಲ್ಲದ ಈ ನೆಲ ಒಗ್ಗಲಿಲ್ಲ. ಬೇರೆಡೆ ಈ ಹೇನನ್ನು ತಾಳಿಕೊಳ್ಳುವ ಅಮೆರಿಕದ ದ್ರಾಕ್ಷಿ ಬೇರಿಗೆ ಕಸಿ ಕಟ್ಟಬೇಕಾಯಿತು, ಇಲ್ಲಿ ಇಂದಿಗೂ ಸ್ವಂತ ಬೇರು. ಬುಟ್ಟಿ ಮುದಿಯಾದರೆ ಕತ್ತರಿಸುತ್ತಾರೆ, ಅದೇ ಬೇರಿನಿಂದ ಹೊಸದು ಚಿಗುರುತ್ತದೆ. ಈ ಬಳ್ಳಿಗೆ ವಯಸ್ಸೆಷ್ಟು ಎಂದು ಕೇಳಿದೆ. ತೋಟದ ಹಿರಿಯರು ನಕ್ಕು, “ಮೇಲಿನದಕ್ಕೋ, ಕೆಳಗಿನದಕ್ಕೋ?” ಎಂದರು.

ಇನ್ನು ಲೋಟಕ್ಕೆ ಬರೋಣ. ದ್ರಾಕ್ಷಿಯ ತಳಿ ಅಸಿರ್ಟಿಕೊ, ವೈನ್ ಡ್ರೈ. ಅಂದರೆ ಹಣ್ಣಿನ ಸಕ್ಕರೆಯೆಲ್ಲ ಹುದುಗಿ ಆಲ್ಕೋಹಾಲ್ ಆಗಿದೆ, ನಾಲಗೆಗೆ ಸಿಹಿ ಸಿಗುವುದಿಲ್ಲ. ಬಿಸಿಲು ನಾಡಿನ ದ್ರಾಕ್ಷಿ ಮಾಗುತ್ತಾ ಹುಳಿ ಕಳೆದುಕೊಳ್ಳುವುದು ರೂಢಿ, ಇದು ಜಪ್ಪಯ್ಯ ಎಂದರೂ ಬಿಟ್ಟುಕೊಡುವುದಿಲ್ಲ. ಮೊದಲ ಗುಟುಕಿಗೆ ನಿಂಬೆ, ಹಿಂದೆಯೇ ಉಪ್ಪುಗಾಳಿಯ ನೆನಪು. ನಾನು ಮುಖ ಕಿವಿಚಿದ್ದನ್ನು ಕ್ಯಾಮೆರಾ ಹಿಡಿದಿದೆ, ನಗಬಹುದು. ಇದಕ್ಕೆ ಇಷ್ಟು ದುಡ್ಡೇ ಎಂದೂ ಅನ್ನಿಸಿತು.

ಆಮೇಲೆ ಫಾವಾ ಬಂತು. ಇಲ್ಲಿನ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಹಸಿ ಈರುಳ್ಳಿ, ಆಲಿವ್ ಎಣ್ಣೆ. ಒಗ್ಗರಣೆ ಮರೆತ ಗಟ್ಟಿ ತೊವ್ವೆ ಎಂದುಕೊಳ್ಳಿ. ಜೊತೆಗೆ ಟೊಮೆಟೊ ವಡೆ. ತೊವ್ವೆಯ ಮೇಲೆ ನಿಂಬೆಹುಳಿ ಹಿಂಡದೆ ಉಣ್ಣದ ನನಗೆ ಆ ವೈನಿನ ಕೆಲಸವೇನೆಂದು ಆಗ ಹೊಳೆಯಿತು. ಎರಡನೆಯ ಗುಟುಕಿಗೆ ಮುಖ ಕಿವಿಚಲಿಲ್ಲ.

ತಟ್ಟೆ ಖಾಲಿಯಾಗುವ ಹೊತ್ತಿಗೆ ಹೊರಗೆ ಕತ್ತಲು. ಹಾಗಾಗಿ ಈ ವ್ಲಾಗಿನಲ್ಲಿ ಸ್ಯಾಂಟೊರಿನಿಯ ಸೂರ್ಯಾಸ್ತವಿಲ್ಲ. ಗಾಳಿಯ ಸದ್ದು ಮಾತ್ರ ಇದೆ, ಕೇಳಿಸಿಕೊಳ್ಳಿ.