ಸಿನಿಮಾ ಬೇರೆ, ಬಿಲ್ಡಪ್ ಬೇರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಮಾತಾಡಲು ನನಗೆ ಕೊಟ್ಟಿರುವ ವಿಷಯ ಹೀಗಿದೆ: "ಮನೆಮಂದಿಯೆಲ್ಲ ಕೂತು ನೋಡುವ ಜನಪ್ರಿಯ ಅನಿಮೇಷನ್ ಚಿತ್ರಗಳು ಅತಿಯಾದ ಪ್ರಚಾರದಿಂದಾಗಿ ಯೋಗ್ಯತೆಗೆ ಮೀರಿದ ಹೊಗಳಿಕೆ ಪಡೆಯುತ್ತವೆಯೇ?" ಬಹಳ ಮರ್ಯಾದಸ್ಥ ಪ್ರಶ್ನೆ. ಮನೆಗಳಲ್ಲಿ ಇದನ್ನು ಎರಡೇ ಮಾತಿನಲ್ಲಿ ಮುಗಿಸುತ್ತಾರೆ: "ಬರೀ ಬಿಲ್ಡಪ್ಪು."

ನನ್ನ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಕೆಲಸ ಇರುವವರು ಅಷ್ಟು ಕೇಳಿಸಿಕೊಂಡು ಏಳಬಹುದು. ಸಿನಿಮಾ ಬೇರೆ, ಬಿಲ್ಡಪ್ ಬೇರೆ. ನಮಗೆ ಸಾಕಾಗಿ ಹೋಗುವುದು ಬಿಲ್ಡಪ್ಪು, ಬೈಸಿಕೊಳ್ಳುವುದು ಸಿನಿಮಾ.

ಅನಿಮೇಷನ್ ಚಿತ್ರಗಳಿಗೇ ಯಾಕೆ ಇಷ್ಟು ಅಬ್ಬರ ಅಂತ ಕೇಳಬಹುದು. ಲೆಕ್ಕ ಸುಲಭ. ದೊಡ್ಡವರೊಬ್ಬರು ಸಿನಿಮಾಕ್ಕೆ ಹೋದರೆ ಒಂದು ಟಿಕೆಟ್ಟು. ಮಗು ಹಟ ಹಿಡಿದರೆ ಮಗುವಿನ ಹಿಂದೆ ಇನ್ನಿಬ್ಬರು ಮೂವರು. ಮನೆಗೆ ಬಂದಮೇಲೂ ಮಗು ಅದನ್ನು ಬಿಡುವುದಿಲ್ಲ, ಮತ್ತೆ ಮತ್ತೆ ನೋಡುತ್ತದೆ. ಇನ್ನೊಂದು ಅನುಕೂಲ ಇದೆ. ನಟನೊಬ್ಬನ ಮುಖವನ್ನು ಚೀಲದ ಮೇಲೆ ಅಚ್ಚು ಹಾಕಬೇಕೆಂದರೆ ಅವನು ಒಪ್ಪಬೇಕು, ಸಂಭಾವನೆ ಕೇಳುತ್ತಾನೆ, ನಾಲ್ಕು ವರ್ಷದಲ್ಲಿ ಕೂದಲು ಉದುರುತ್ತದೆ. ಬರೆದ ಪಾತ್ರಕ್ಕೆ ಇದ್ಯಾವ ತಂಟೆಯೂ ಇಲ್ಲ. ಅದನ್ನು ಚೀಲ, ಛತ್ರಿ, ಹೊದಿಕೆ, ಪೆನ್ಸಿಲ್ಲು, ಎಲ್ಲಿ ಬೇಕಾದರೂ ಅಂಟಿಸಬಹುದು. ಮಿಕ್ಕಿ ಮೌಸ್ ಕೈಗಡಿಯಾರ ಮಾರುಕಟ್ಟೆಗೆ ಬಂದದ್ದು 1933ರಲ್ಲಿ. ಡಿಸ್ನಿಯವರ ಮೊದಲ ಪೂರ್ಣಾವಧಿ ಅನಿಮೇಷನ್ ಚಿತ್ರ 'ಸ್ನೋ ವೈಟ್' ಬಂದದ್ದು 1937ರಲ್ಲಿ. ದೊಡ್ಡ ಸಿನಿಮಾಕ್ಕಿಂತ ನಾಲ್ಕು ವರ್ಷ ಮುಂಚೆ ಗಡಿಯಾರ! ಹಾಗಾಗಿ "ನಮ್ಮ ಕಾಲದಲ್ಲಿ ಇಂಥ ವ್ಯಾಪಾರ ಇರಲಿಲ್ಲ" ಅನ್ನುವ ಹಿರಿಯರು ದಯವಿಟ್ಟು ಸ್ವಲ್ಪ ಸುಮ್ಮನಿರಬೇಕು.

'ಸ್ನೋ ವೈಟ್' ಚಿತ್ರದ ಗೊಂಬೆ, ಪುಸ್ತಕ, ಆಟಿಕೆ ಎಲ್ಲವೂ ಆಗ ಧಾರಾಳವಾಗಿ ಬಂದಿದ್ದವು. ವಾಲ್ಟ್ ಡಿಸ್ನಿಗೆ ಆ ಚಿತ್ರಕ್ಕಾಗಿ ವಿಶೇಷ ಆಸ್ಕರ್ ಕೊಟ್ಟರು, ಒಂದು ದೊಡ್ಡ ವಿಗ್ರಹ, ಪಕ್ಕದಲ್ಲಿ ಏಳು ಪುಟಾಣಿ ವಿಗ್ರಹ. ಇದಕ್ಕಿಂತ ಬಿಲ್ಡಪ್ ಬೇಕೇ? ಇವತ್ತು ಆ ಗದ್ದಲ ಯಾರ ಕಿವಿಯಲ್ಲೂ ಉಳಿದಿಲ್ಲ. ಸಿನಿಮಾ ಇದೆ. ಹಾಕಿದರೆ ಮಕ್ಕಳು ಕೂತು ನೋಡುತ್ತಾರೆ.

ಈಗ ನನ್ನ ಕಥೆ. ಇದರಲ್ಲಿ ನನ್ನ ಮಾನ ಸ್ವಲ್ಪ ಹೋಗುತ್ತದೆ, ಆದರೂ ಹೇಳುತ್ತೇನೆ.

ನಾನು ಬಹಳ ವರ್ಷ ಸಿನಿಮಾ ಪಾಠ ಹೇಳಿದವಳು. ಒಂದು ದಿನ ತರಗತಿಯಲ್ಲಿ 'ಫ್ರೋಜನ್' ಮಾತು ಬಂತು. 2013ರ ನವೆಂಬರಿನಲ್ಲಿ ತೆರೆಕಂಡ ಡಿಸ್ನಿ ಚಿತ್ರ ಅದು, ಪ್ರಪಂಚದಾದ್ಯಂತ 120 ಕೋಟಿ ಡಾಲರಿಗೂ ಮೀರಿ ಗಳಿಸಿತು. ಆ ದಿನಗಳಲ್ಲಿ ಎತ್ತ ತಿರುಗಿದರೂ ಅದೇ ನೀಲಿ ಉಡುಪಿನ ರಾಣಿ, ಅದೇ ಜಡೆ, ಅದೇ 'ಲೆಟ್ ಇಟ್ ಗೋ' ಹಾಡು. ಗುಂಡಿ ಒತ್ತಿದರೆ ಹಾಡುವ ಗೊಂಬೆ, ಹಾಡುವ ಶುಭಾಶಯ ಪತ್ರ, ಹಾಡುವ ಫೋನು. ನಾನು ತರಗತಿಯಲ್ಲಿ, "ಒಂದು ಹಾಡು, ಒಂದು ನೀಲಿ ಉಡುಪು, ಅಷ್ಟೇ ಆ ಸಿನಿಮಾ" ಅಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ, "ಮೇಡಂ, ನೀವು ನೋಡಿದ್ದೀರಾ?"

"ನೋಡೋದೇನು ಬಂತಪ್ಪ, ದಿನಾ ಕಿವಿಗೆ ಬೀಳ್ತಾನೇ ಇದೆಯಲ್ಲ" ಅಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಿನಿಮಾ ಕಲಿಸುವವಳು ಕಿವಿಯಿಂದ ಸಿನಿಮಾ ನೋಡಿ ತೀರ್ಪು ಕೊಟ್ಟಿದ್ದೆ. ರೇಡಿಯೋದಲ್ಲಿ ಹೇಳಿಕೊಳ್ಳಲು ತಕ್ಕ ಅಪರಾಧ ಅನ್ನಿ.

ಇದಾಗಿ ಒಂದೆರಡು ವರ್ಷವಾಗಿರಬೇಕು. ನಮ್ಮ ಅಕ್ಕನ ಮೊಮ್ಮಗಳಿಗೆ ಜ್ವರ ಬಂತು. ಆಗ ಅವಳಿಗೆ ಆರು ವರ್ಷ. ಅವರಮ್ಮ ಕೆಲಸಕ್ಕೆ ಹೋಗಲೇಬೇಕಿತ್ತು, ನನ್ನನ್ನು ಕಾವಲಿಗೆ ಕೂರಿಸಿ ಹೋದಳು. ಮಗು ಕೇಳಿದ್ದು ಒಂದೇ, ಆ ಸಿನಿಮಾ ಹಾಕು ಅಂತ. ಜ್ವರದ ಮಗುವಿಗೆ ಇಲ್ಲ ಅನ್ನಲಾಗುತ್ತದೆಯೇ? ಹಾಕಿದೆ. ಹಾಕಿ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತೆ. ಹತ್ತು ನಿಮಿಷಕ್ಕೆ ಪುಸ್ತಕ ಮಡಿಲಿಗೆ ಬಿತ್ತು.

ನೋಡದವರಿಗಾಗಿ ಕಥೆ ಹೇಳುತ್ತೇನೆ. ಇಬ್ಬರು ರಾಜಕುಮಾರಿಯರು. ಅಕ್ಕ ಎಲ್ಸಾ, ತಂಗಿ ಆನಾ. ಅಕ್ಕನ ಕೈಯಲ್ಲಿ ಹಿಮ ಹುಟ್ಟಿಸುವ ಶಕ್ತಿ ಇದೆ. ಆಟವಾಡುವಾಗ ತಪ್ಪಿ ಅದು ತಂಗಿಯ ತಲೆಗೆ ತಾಗುತ್ತದೆ. ಹೆದರಿದ ಅಪ್ಪ ಅಮ್ಮ ಅರಮನೆಯ ಹೆಬ್ಬಾಗಿಲು ಮುಚ್ಚಿಸುತ್ತಾರೆ. ಅಕ್ಕ ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ತಂಗಿಗೆ ಕಾರಣ ಗೊತ್ತಿಲ್ಲ. ಅವಳು ಹೊರಗೆ ನಿಂತು ಬಾಗಿಲು ತಟ್ಟುತ್ತಾಳೆ, ಬಾ ಆಡೋಣ ಅಂತ ಕರೆಯುತ್ತಾಳೆ. ಹಾಗೆ ತಟ್ಟುತ್ತಾ ತಟ್ಟುತ್ತಾ ದೊಡ್ಡವಳಾಗುತ್ತಾಳೆ. ಮುಂದೆ ಅಕ್ಕನ ಪಟ್ಟಾಭಿಷೇಕದ ದಿನ ಗುಟ್ಟು ರಟ್ಟಾಗಿ, ಅವಳು ಊರು ಬಿಟ್ಟು ಬೆಟ್ಟಕ್ಕೆ ಓಡುತ್ತಾಳೆ. ಅಲ್ಲಿ ಒಬ್ಬಳೇ ನಿಂತು ಹಾಡುವುದೇ ಆ ಹಾಡು.

ಹಾಡು ಶುರುವಾಗುವ ಹೊತ್ತಿಗೆ ನಾನು ಏನೋ ಹೇಳಲು ಬಾಯಿ ತೆರೆದೆ. "ಅಜ್ಜಿ, ಸುಮ್ನಿರು, ಈಗ ಬರತ್ತೆ" ಅಂದಳು. ಬಂತು. ರಾಣಿ ಕೈಗವಸು ಎಸೆದಳು, ಮೇಲುಹೊದಿಕೆ ಗಾಳಿಗೆ ಬಿಟ್ಟಳು, ಹಿಮದ ಮೆಟ್ಟಿಲು ಕಟ್ಟಿದಳು, ಅರಮನೆ ಎಬ್ಬಿಸಿದಳು, ಜಡೆ ಸಡಿಲಿಸಿದಳು. ಸರಿ, ಗೆದ್ದಳು ಅಂದುಕೊಂಡೆ. ಅಷ್ಟರಲ್ಲಿ ಕೊನೆಯ ಸಾಲು ಹೇಳಿ ತಿರುಗಿ, ಢಬ್ ಅಂತ ಬಾಗಿಲು ಮುಚ್ಚಿಕೊಂಡಳು.

"ನೋಡಿದ್ಯಾ, ಮತ್ತೆ ಬಾಗಿಲು ಹಾಕ್ಕೊಂಡ್ಳು" ಅಂತು ಮಗು.

"ಏನಂದೆ?"

"ಇವ್ಳು ಬಾಗಿಲು ಹಾಕ್ಕೋತಾನೇ ಇರ್ತಾಳೆ ಅಜ್ಜಿ. ತಂಗಿ ಬಂದು ತಟ್ತಾನೇ ಇರ್ತಾಳೆ."

ಕೇಳುಗರೇ, ಆ ಹಾಡನ್ನು ನಾನು ಅಷ್ಟು ಹೊತ್ತಿಗೆ ಇನ್ನೂರು ಸಲ ಕೇಳಿರಬೇಕು. ಅದು ಬಾಗಿಲು ಮುಚ್ಚುವುದರಲ್ಲಿ ಮುಗಿಯುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ! ಯಾಕೆ? ಗೊಂಬೆಯ ಗುಂಡಿ ಒತ್ತಿದರೆ ಪಲ್ಲವಿಯ ನಾಲ್ಕು ಸಾಲು ಬರುತ್ತದೆ, ನಿಲ್ಲುತ್ತದೆ. ಆ ಢಬ್ ಬರುವುದಿಲ್ಲ. ಲೋಕವೆಲ್ಲ ಅದನ್ನು ಬಿಡುಗಡೆಯ ಹಾಡು ಅಂತ ಹಾಡುತ್ತಿದೆ, ತೆರೆಯ ಮೇಲೆ ಆ ಹುಡುಗಿ ತನ್ನನ್ನು ತಾನೇ ಕೂಡಿಹಾಕಿಕೊಳ್ಳುತ್ತಿದ್ದಾಳೆ. ಕೆಳಗೆ ಅವಳ ರಾಜ್ಯ ಹಿಮದಲ್ಲಿ ಮುಚ್ಚಿಹೋಗುತ್ತಿದೆ, ಅದೂ ಅವಳಿಗೆ ತಿಳಿದಿಲ್ಲ. ಆಮೇಲೆ ತಂಗಿ ಬೆಟ್ಟ ಹತ್ತಿ ಬಂದು ಹಿಮದ ಬಾಗಿಲು ತಟ್ಟುತ್ತಾಳೆ. ಬಾಗಿಲು ತೆರೆದುಕೊಳ್ಳುತ್ತದೆ, ತಂಗಿಗೇ ಆಶ್ಚರ್ಯ. ಚಿತ್ರ ಮುಗಿಯುವಾಗ ರಾಣಿ, ಇನ್ನು ಹೆಬ್ಬಾಗಿಲು ಮುಚ್ಚುವುದೇ ಇಲ್ಲ ಅನ್ನುತ್ತಾಳೆ. ಮೊದಲಿಂದ ಕೊನೆಯವರೆಗೆ ಬಾಗಿಲಿನ ಕಥೆ. ಆರು ವರ್ಷದ ಮಗುವಿಗೆ ಕಂಡದ್ದು ಮೇಡಮ್ಮಿಗೆ ಕಂಡಿರಲಿಲ್ಲ.

ಮಗುವಿನ ಹತ್ತಿರ ಕೇಳಿಕೊಂಡು ಆ ಭಾಗವನ್ನು ಮತ್ತೆ ಹಾಕಿಸಿದೆ. ಅವಳು ಹಾಸಿಗೆಯ ಮೇಲೆ ಎದ್ದು ಕೂತು, ಎಲ್ಲಿ ನೋಡಬೇಕು ಅಂತ ಬೆರಳು ಮಾಡಿ ತೋರಿಸಿದಳು. ನನ್ನ ವೃತ್ತಿಜೀವನದಲ್ಲಿ ಅಂಥ ಪಾಠ ನಾನು ಮಾಡಿಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ಚಿತ್ರ ತಯಾರಾಗುವಾಗ ಎಲ್ಸಾಳನ್ನು ಖಳನಾಯಕಿ ಅಂತಲೇ ಯೋಚಿಸಿದ್ದರು. ಕ್ರಿಸ್ಟನ್ ಆಂಡರ್ಸನ್-ಲೋಪೆಜ್, ರಾಬರ್ಟ್ ಲೋಪೆಜ್ ದಂಪತಿ ಈ ಹಾಡು ಕಟ್ಟಿಕೊಟ್ಟರು. ಹಾಡು ಕೇಳಿದಮೇಲೆ, ಇಷ್ಟು ಹೆದರಿದ ಹುಡುಗಿ ಖಳನಾಯಕಿ ಆಗಲಾರಳು ಅಂತ ನಿರ್ದೇಶಕರು ಕಥೆಯನ್ನೇ ತಿರುಗಿಸಿದರು. ಇಡೀ ಚಿತ್ರವನ್ನು ಹೊತ್ತ ಹಾಡು ಅದು. ಅದನ್ನು ಕಿತ್ತು ಗೊಂಬೆಯ ಹೊಟ್ಟೆಗೆ ತುಂಬಿದರು. ಆಮೇಲೆ ನಾವು, ಅಯ್ಯೋ ಸಾಕಪ್ಪ ಈ ಸಿನಿಮಾ ಅಂದೆವು. ಸಿನಿಮಾ ಬೇರೆ, ಬಿಲ್ಡಪ್ ಬೇರೆ ಅಂತ ನಾನು ಅನ್ನುವುದು ಇದಕ್ಕೇ.

ಮನಶ್ಶಾಸ್ತ್ರದವರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 1968ರಲ್ಲಿ ರಾಬರ್ಟ್ ಜೈಯಾನ್ಸ್ ಎಂಬವರು, ಗುರುತಿಲ್ಲದ ಪದವನ್ನಾಗಲಿ ಚಿಹ್ನೆಯನ್ನಾಗಲಿ ಮತ್ತೆ ಮತ್ತೆ ತೋರಿಸಿದರೆ ಜನ ಅದನ್ನು ಇಷ್ಟಪಡತೊಡಗುತ್ತಾರೆ ಅಂತ ತೋರಿಸಿದರು. ಜಾಹೀರಾತಿನವರಿಗೆ ಇದಕ್ಕಿಂತ ಸಿಹಿ ಸುದ್ದಿ ಇಲ್ಲ. ಆದರೆ 1970ರಲ್ಲಿ ಡೇನಿಯಲ್ ಬರ್ಲೈನ್ ಎಂಬ ಇನ್ನೊಬ್ಬರು ಮುಂದಿನ ಮಾತು ಹೇಳಿದರು: ಸರಳವಾದದ್ದನ್ನು ಪದೇ ಪದೇ ಮುಂದಿಟ್ಟರೆ ಬೇಸರ ಬರುತ್ತದೆ, ಸಂಕೀರ್ಣವಾದದ್ದು ಪದೇ ಪದೇ ನೋಡಿದಷ್ಟೂ ಹಿಡಿಸುತ್ತದೆ. ನಾಲ್ಕು ಸಾಲಿನ ಪಲ್ಲವಿ ಸರಳ, ಅದು ನನ್ನ ತಲೆ ಚಿಟ್ಟು ಹಿಡಿಸಿತು. ಇಡೀ ಸಿನಿಮಾ ಸಂಕೀರ್ಣ, ಅದನ್ನು ಮಗು ಎಷ್ಟನೇ ಸಲವೋ ನೋಡುತ್ತಾ ಬಾಗಿಲುಗಳನ್ನು ಎಣಿಸುತ್ತಿತ್ತು. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರಲ್ಲ, ನಾನು ಒಪ್ಪುವುದಿಲ್ಲ. ಅಮೃತ ಅಮೃತವಾಗಿಯೇ ಇರುತ್ತದೆ, ಸೋಲುವುದು ನಾಲಿಗೆ.

ಈ ಬಿಲ್ಡಪ್ಪೆಲ್ಲ ಕಂಪನಿಗಳ ಕುತಂತ್ರ ಅನ್ನುವವರಿದ್ದಾರೆ. ಪೂರ್ತಿ ಹಾಗಲ್ಲ. 2014ರಲ್ಲಿ ಎಲ್ಸಾಳ ಉಡುಪು ಬೇಕು ಅಂತ ಮಕ್ಕಳು ಹಟ ಹಿಡಿದಾಗ ಮಾರುವವರ ಹತ್ತಿರ ಸರಕೇ ಸಾಲಲಿಲ್ಲ. ಮೊದಲು ಮಕ್ಕಳು ಮೆಚ್ಚಿದರು, ಕಂಪನಿ ಓಡೋಡಿ ಹಿಂದೆ ಬಂತು. 'ಎನ್‌ಕಾಂಟೋ' ಚಿತ್ರದ ಕಥೆಯೂ ಅದೇ. 2021ರ ಚಿತ್ರ. ಆಸ್ಕರಿಗೆ ಕಂಪನಿ ಕಳಿಸಿದ್ದು ಒಂದು ಹಾಡು, ಮಕ್ಕಳು ಎತ್ತಿಕೊಂಡದ್ದು ಬ್ರೂನೋ ಎಂಬ ಮಾವನ ಮೇಲಿನ ಇನ್ನೊಂದು ಹಾಡು. ಅದು 2022ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಕಂಪನಿಯ ಲೆಕ್ಕವೇ ತಪ್ಪಿತ್ತು.

ಕಂಪನಿ ಹಿಂದೆ ಓಡಿ ಬಂದಮೇಲೆ ಮಾಡುವುದಿದೆಯಲ್ಲ, ಅದಕ್ಕೆ ನನಗೆ ತಾಳ್ಮೆ ಇಲ್ಲ. 2017ರಲ್ಲಿ 'ಕೋಕೋ' ಬಂತು. ಮೆಕ್ಸಿಕೋದ ಒಂದು ಮನೆತನದ ಕಥೆ, ಬಹಳ ಚೆನ್ನಾದ ಚಿತ್ರ. ಜನ ಅದನ್ನು ನೋಡಲು ಕೂತರೆ, ಮೊದಲು ಫ್ರೋಜನ್ನಿನಲ್ಲಿ ಬರುವ ಹಿಮಮಾನವ, ಅಂದರೆ ಹಿಮದಿಂದ ಮಾಡಿದ ಮಾತಾಡುವ ಬೊಂಬೆ ಓಲಾಫ್‌ನ ಮೇಲಿನ ಕಿರುಚಿತ್ರ. ಎಷ್ಟು ಹೊತ್ತು? 21 ನಿಮಿಷ! ಸಾಮಾನ್ಯವಾಗಿ ಇಂಥವು ಆರೇಳು ನಿಮಿಷ ಇರುತ್ತವೆ. ತಪ್ಪು ಸಿನಿಮಾಕ್ಕೆ ಬಂದೆವೇ ಅಂತ ಜನ ಗಾಬರಿಯಾದರು, ಮಕ್ಕಳು ಕುರ್ಚಿಯಲ್ಲಿ ಹೊರಳಾಡಿದವು. ಮೆಕ್ಸಿಕೋದ ಚಿತ್ರಮಂದಿರಗಳು ಅದನ್ನು ಬೇಗನೆ ತೆಗೆದುಹಾಕಿದವು. ಹಿಮಮಾನವನಿಗೆ ಕೆಟ್ಟ ಹೆಸರು ಬಂದದ್ದು ಹೀಗೆ. ಪಾಪ, ಮೊದಲ ಚಿತ್ರದಲ್ಲಿ ಅವನು ಎಷ್ಟು ಹಿತವಾಗಿದ್ದ.

ಇದರ ತಿರುವುಮುರುವೂ ಇದೆ. 1999ರಲ್ಲಿ ಬ್ರಾಡ್ ಬರ್ಡ್ ನಿರ್ದೇಶನದ 'ದಿ ಐರನ್ ಜೈಂಟ್' ಬಂತು. ಪ್ರಚಾರ ಸರಿಯಾಗಿ ಮಾಡಲಿಲ್ಲ, ಚಿತ್ರ ಮಕಾಡೆ ಮಲಗಿತು. ಆಮೇಲೆ ಮನೆಗಳಲ್ಲಿ ನೋಡಿದವರು ಅದನ್ನು ತಲೆ ಮೇಲೆ ಹೊತ್ತರು. ಆಗ ಸೋತದ್ದೂ ಆಮೇಲೆ ಮೆರೆದದ್ದೂ ಅದೇ ಸಿನಿಮಾ.

ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಇನ್ನೆರಡೇ ನಿಮಿಷ. 'ಶ್ರೆಕ್' ಬಗ್ಗೆ ಬರೆದುಕೊಂಡು ಬಂದದ್ದು ಮೂರು ಪುಟ ಇದೆ. ಒಂದೇ ಉಸಿರಿಗೆ ಹೇಳುತ್ತೇನೆ: 2001ರಲ್ಲಿ ಬಂದಾಗ ರಾಜಕುಮಾರಿ ಕಥೆಗಳನ್ನು ಅಣಕಿಸಿದ್ದು ಹೊಸತು, ಅನಿಮೇಷನ್ ಚಿತ್ರಕ್ಕೆಂದೇ ಶುರುವಾದ ಆಸ್ಕರ್ ಮೊದಲು ಸಿಕ್ಕಿದ್ದೂ ಅದಕ್ಕೇ. ಆಮೇಲೆ ಎಲ್ಲರೂ ಅದೇ ಅಣಕ ಹಿಡಿದರು, ಅವರವೇ ಮೂರು ಮುಂದಿನ ಭಾಗಗಳೂ ಬಂದವು. ಈಗ ಮೊದಲನೆಯದನ್ನು ಹಾಕಿದರೆ ಹುಡುಗರು ಇದನ್ನೆಲ್ಲ ನೋಡಿದ್ದೀವಿ ಅನ್ನುತ್ತಾರೆ. ನೋಡಿರುವುದು ನಕಲು, ಬೇಜಾರು ಅಸಲಿನ ಮೇಲೆ. ಬಿಲ್ಡಪ್ ಕಳಚಿದರೆ ಒಳಗೆ ಏನೂ ಇಲ್ಲದ ಚಿತ್ರಗಳೂ ಇವೆ ಅಂತ ನೀವು ಕೇಳುತ್ತೀರಿ. ಇವೆ. ಬೇಕಾದಷ್ಟಿವೆ. ಆದರೆ ಅದನ್ನು ಹೇಳಲು ಮೊದಲು ಕಳಚಿ ನೋಡಿರಬೇಕಲ್ಲ. ಕೂತು, ಪೂರ್ತಿ, ಕಣ್ಣಿನಿಂದ.

ಆ ಜ್ವರದ ಮಗುವಿಗೆ ಈಗ ಹದಿನಾರು. ಮೊನ್ನೆ ಫೋನಿನಲ್ಲಿ, ನಾನು ಈ ಮಾತಿಗೆ ತಯಾರಾಗುತ್ತಿದ್ದೇನೆ ಅಂದೆ.

"ಅಯ್ಯೋ ಅಜ್ಜಿ, ಫ್ರೋಜನ್ನಾ? ಅದು ಸಿಕ್ಕಾಪಟ್ಟೆ ಓವರ್‌ರೇಟೆಡ್" ಅಂದಳು.

"ಕೊನೇ ಸಲ ಯಾವಾಗ ನೋಡಿದ್ದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಂಗೆ ಜ್ವರ ಬಂದಿತ್ತಲ್ಲ, ಆಗಲೋ ಏನೋ" ಅಂದಳು.

ಬಾಗಿಲಿನ ವಿಷಯ ಅವಳಿಗೆ ಸ್ವಲ್ಪವೂ ನೆನಪಿಲ್ಲ. ರಜೆಗೆ ಬರುತ್ತಾಳೆ, ಜೊತೆಯಲ್ಲಿ ನೋಡಲು ಒಪ್ಪಿದ್ದಾಳೆ. ಹಾಡಿನ ಹೊತ್ತಿಗೆ ಎದ್ದು ಹೋಗ್ತೀನಿ ಅಂತ ಷರತ್ತು ಹಾಕಿದ್ದಾಳೆ. ಹೋಗಲಿ. ಆ ಢಬ್ ಶಬ್ದ ಆ ಕಡೆ ಕೋಣೆಗೂ ಕೇಳಿಸುತ್ತದೆ.

ನಮಸ್ಕಾರ.