ಹೊಟ್ಟೆಗೆ ಕಂದೀಲು ಕಟ್ಟಿಕೊಂಡ ಮೀನು

ಕೇಳುಗರೆಲ್ಲರಿಗೂ ನಮಸ್ಕಾರ. ಮುನಿರಾಬಾದ್, ಗಂಗಾವತಿ, ಸಿಂಧನೂರು ಕಡೆ ರೇಡಿಯೋ ಹಚ್ಚಿ ಕುಳಿತಿರುವ ನಿಮಗೆ ಮೀನು ಅಂದರೆ ಡ್ಯಾಮಿನ ರೋಹು, ಕಟ್ಲಾ. ಇವತ್ತಿನ ಮೀನು ನಿಮ್ಮ ಸಂತೆಗೆ ಬರುವಂಥದ್ದಲ್ಲ. ಕಡಲಿನ ಆಳದ್ದು, ಬೆರಳುದ್ದದ್ದು. ಲ್ಯಾಂಟರ್ನ್ ಮೀನು ಅಂತ ಹೆಸರು. ಲ್ಯಾಂಟರ್ನಿಗೆ ನಾವು ಕಂದೀಲು ಅನ್ನುತ್ತೇವಲ್ಲ, ಕಂದೀಲು ಮೀನು ಅಂತಲೇ ಕರೆಯೋಣ. ಇದರಲ್ಲಿ ಸುಮಾರು 250 ಜಾತಿಗಳಿವೆ.

ಇದರ ಹೊಟ್ಟೆಯಡಿ ಸಾಲು ದೀಪಗಳು, ಒಂದೊಂದೂ ಗಸಗಸೆ ಕಾಳಿನಷ್ಟು. ಕತ್ತಲಲ್ಲಿ ದಾರಿ ಕಾಣಲಿ ಅಂತ ದೀಪ, ಅಂತ ಎಲ್ಲರೂ ಹೇಳಿಬಿಡುತ್ತಾರೆ. ಅಲ್ಲರೀ! ಹೊಟ್ಟೆಯ ದೀಪ ಇರುವುದು ನೋಡಲಿಕ್ಕಲ್ಲ, ಅಡಗಲಿಕ್ಕೆ.

ಹೇಗೆ? ಹೂಳು ತೆಗೆಯಲು ಬಾವಿಗೆ ಇಳಿದವರನ್ನು ಕೇಳಿ. ತಳದಲ್ಲಿ ನಿಂತು ಮೇಲೆ ನೋಡಿದರೆ, ದಂಡೆಯಿಂದ ಬಗ್ಗಿದವನ ಮುಖ ಕಾಣುವುದಿಲ್ಲ. ಬೆಳ್ಳಗಿನ ಆಕಾಶದ ಮುಂದೆ ಕರ್ರಗೆ ಒಂದು ತಲೆ. ಕಡಲಲ್ಲೂ ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಸಣ್ಣ ಮೀನು ಕಾಣುವುದು ಹೀಗೆಯೇ, ನೆರಳಾಗಿ. ಕಂದೀಲು ಮೀನು ಮೇಲಿನಿಂದ ಎಷ್ಟು ಬೆಳಕು ಇಳಿಯುತ್ತಿದೆಯೋ ಅಷ್ಟೇ ಬೆಳಕನ್ನು ಹೊಟ್ಟೆಯಿಂದ ಕೆಳಕ್ಕೆ ಬಿಡುತ್ತದೆ. ನೆರಳು ಅಳಿಸಿಹೋಗುತ್ತದೆ. ಬೆಳಕು ಹೆಚ್ಚಾದರೂ ಸಿಕ್ಕಿತು, ಕಡಿಮೆಯಾದರೂ ಸಿಕ್ಕಿತು.

ದೀಪದ ಕಟ್ಟೋಣ ನೋಡಿ. ಹಿಂದೆ ಕಪ್ಪು ಬಟ್ಟಲು, ಅದರೊಳಗೆ ಕನ್ನಡಿಯಂಥ ಪದರ, ನಡುವೆ ಬೆಳಕು ಹುಟ್ಟಿಸುವ ಕೋಶಗಳು, ಮುಂದೆ ಮಸೂರದಂತೆ ದಪ್ಪಗಾದ ಒಂದು ಹುರುಪೆ. ಬೆಳಕು ನೀಲಿ, ಯಾಕೆಂದರೆ ಕಡಲಲ್ಲಿ ಅತಿ ಆಳಕ್ಕೆ ಇಳಿಯುವ ಬಣ್ಣ ಅದೇ.

ಈಗ ನಿಜವಾದ ಸ್ವಾರಸ್ಯ. 1942, ಎರಡನೇ ಮಹಾಯುದ್ಧದ ಕಾಲ. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಅಮೆರಿಕದ ವಿಜ್ಞಾನಿಗಳು ನೀರಿನೊಳಗೆ ಶಬ್ದ ಬಿಟ್ಟು, ತಿರುಗಿ ಬರುವ ಮಾರ್ದನಿ ಕೇಳುತ್ತಿದ್ದರು. ವೈರಿಯ ಜಲಾಂತರ್ಗಾಮಿ ಹುಡುಕಬೇಕಿತ್ತು. ಮಾರ್ದನಿ ಬಂತು, ಆದರೆ 300–450 ಮೀಟರ್ ಆಳದಿಂದ, ಮೈಲುಗಟ್ಟಲೆ ಹರವಿಕೊಂಡು! ಕಡಲ ತಳ ಇನ್ನೂ ಎಷ್ಟೋ ಕೆಳಗಿತ್ತು. ಹಾಗಾದರೆ ಇದು ಯಾವ ನೆಲ? ಮೂವರು ವಿಜ್ಞಾನಿಗಳ ಹೆಸರಿನ ಮೊದಲಕ್ಷರ ಸೇರಿಸಿ ಇಸಿಆರ್ ಪದರ ಅಂತ ಹೆಸರಿಟ್ಟರು. ಹೆಸರೇನೋ ಆಯಿತು, ಒಗಟು ಹಾಗೇ ಉಳಿಯಿತು. 1945ರಲ್ಲಿ ಮಾರ್ಟಿನ್ ಜಾನ್ಸನ್ ಎಂಬ ಜೀವವಿಜ್ಞಾನಿ ಹಡಗಿನಲ್ಲಿ ಹಗಲು ರಾತ್ರಿ ಕೂತು ನೋಡಿದರು. ಹೊತ್ತು ಮುಳುಗುತ್ತಲೇ ಆ "ನೆಲ" ಮೇಲೇಳತೊಡಗಿತು. ಬೆಳಗಿನ ಜಾವ ಮತ್ತೆ ಇಳಿಯಿತು. ನೆಲ ಎಲ್ಲಾದರೂ ಸಂಜೆಗೆ ಎದ್ದು ನಡೆಯುತ್ತದೆಯೇ? ಅದು ಜೀವಿಗಳ ಹಿಂಡು. ಅದರಲ್ಲಿ ಕಂದೀಲು ಮೀನಿನದು ದೊಡ್ಡ ಪಾಲು. ಹೊಟ್ಟೆಯಲ್ಲಿ ಗಾಳಿಚೀಲ ಇರುವ ಮೀನಿಗೆ ಶಬ್ದ ಬಡಿದು ತಿರುಗುತ್ತಿತ್ತು, ಅಷ್ಟೇ.

ಆ ಓಡಾಟವನ್ನು ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. ತುಂಗಭದ್ರಾ ಡ್ಯಾಮಿನ ಎತ್ತರ ಸುಮಾರು 49 ಮೀಟರ್. ಅಂಥ ಹತ್ತು ಡ್ಯಾಮು ಒಂದರ ಮೇಲೊಂದಿಟ್ಟು, 5 ಸೆಂಟಿಮೀಟರ್ ಮೀನು ಸಂಜೆ ಹತ್ತಿ ಬೆಳಗಾಗುವಷ್ಟರಲ್ಲಿ ಇಳಿಯಬೇಕು. ಆರಡಿ ಆಳು ಸುಮಾರು 18 ಕಿಲೋಮೀಟರ್ ನೆಟ್ಟಗೆ ಹತ್ತಿದಂತೆ, ದಿನಾ. ಕೆಳಗಿನ ಒತ್ತಡ ಮೇಲಿಗಿಂತ ಐವತ್ತು ಪಟ್ಟು. ಮೇಲೆ ಬರುವುದು ಸಣ್ಣ ಸಿಗಡಿಯಂಥ ಜೀವಿಗಳನ್ನು ತಿನ್ನಲು. ಹಗಲು ಆಳಕ್ಕೆ ಇಳಿಯುವುದು ಮತ್ತೆ ಅಡಗಲು.

ಸಮಯ ಮುಗಿಯುತ್ತ ಬಂತು, ಬೇಗ ಹೇಳುತ್ತೇನೆ. ಅರಬ್ಬಿ ಸಮುದ್ರದಲ್ಲೂ ಇವು ಧಾರಾಳ. 150 ಮೀಟರ್ ದಾಟಿದರೆ ಅಲ್ಲಿ ಆಮ್ಲಜನಕ ತೀರಾ ಕಡಿಮೆ, ಆದರೂ ಕೆಲವು ಜಾತಿ ಹಗಲೆಲ್ಲ ಅಲ್ಲೇ ಕಳೆಯುತ್ತವೆ. ಬಾಲದ ಬುಡದಲ್ಲಿ ಇನ್ನೊಂದು ದೀಪ ಇದೆ: ಹಲವು ಜಾತಿಗಳಲ್ಲಿ ಗಂಡಿಗೆ ಮೇಲೆ, ಹೆಣ್ಣಿಗೆ ಕೆಳಗೆ. ಅದರ ಕಥೆ ಬೇರೆ. ವಯಸ್ಸು ತಿಳಿಯಲು ಕಿವಿಯೊಳಗಿನ ಕಲ್ಲು ತೆಗೆದು, ತೆಳ್ಳಗೆ ತೇಯ್ದು, ದಿನಕ್ಕೊಂದರಂತೆ ಮೂಡಿದ ಉಂಗುರ ಎಣಿಸುತ್ತಾರೆ. ಜಾತಿ ಗುರುತಿಸುವುದು ದೀಪದ ಸಾಲು ಎಣಿಸಿ. ತೊಂದರೆ ಇರುವುದು ಅಲ್ಲೇ: ಬಲೆಯಲ್ಲಿ ಉಜ್ಜಿ ಚರ್ಮ ಸುಲಿಯುತ್ತದೆ, ಹುರುಪೆ ಉದುರುತ್ತದೆ, ಅದರ ಜೊತೆ ದೀಪಗಳೂ ಹೋಗುತ್ತವೆ. ಹಡಗಿನ ಮೇಲೆ ಉಳಿಯುವುದು ದೊಡ್ಡ ಕಣ್ಣಿನ ಒಂದು ಬೋಳು ಮೀನು. ನಮಸ್ಕಾರ.